ಸೊರಬ ರಸ್ತೆಯಲ್ಲಿ ನನ್ನ ಉಸ್ತಾದಗಿರಿ

ಮೂಟೆಯೊಳಗೆ ಕೈ ಇಳಿಸಿ ಒಂದು ಹಿಡಿ ಕಾಳು ತೆಗೆದರೆ ಮಾಲಿನ ಜಾತಕ ಹೇಳಬಲ್ಲ ಶಿಕಾರಿಪುರದ ವ್ಯಾಪಾರಿ ನಾನು. ಅದೇ ಕಣ್ಣಿನಲ್ಲಿ ನನ್ನ ಮಗ ಜಬೀವುಲ್ಲಾನನ್ನು ನೋಡಿದರೆ: ವಯಸ್ಸು ಹದಿನೆಂಟು, ಉದ್ದ ಜಾಸ್ತಿ, ತೂಕ ಕಮ್ಮಿ, ಮೀಸೆ ಇನ್ನೂ ಹಸಿ, ಜೊಳ್ಳೆಷ್ಟು ಎಂಬುದು ತೂರಿದ ಮೇಲೆಯೇ ತಿಳಿಯಬೇಕು. ಪೆಟ್ರೋಲು ಬಂಗಾರವಾಗಿರುವ ಈ ಎಪ್ಪತ್ನಾಲ್ಕರ ಬೇಸಿಗೆ ರಜೆಯಲ್ಲಿ ಇಂಥ ಮಾಲು ಶಿವಮೊಗ್ಗಕ್ಕೆ ಹೋಗಿ ಕಲಿಯುವವರ ಲೈಸೆನ್ಸ್ ತಂದು, ನನ್ನ ಮೋಟಾರ್ ಸೈಕಲ್ ಮೇಲೆ ಕಣ್ಣು ಹಾಕಿತು.

ನನ್ನಾಕೆ ಖುರ್ಷೀದ್ ಬೀ ಫರ್ಮಾನು ಹೊರಡಿಸಿದಳು. "ರೀ, ನೀವು ಹಿಂದೆ ಕೂತ್ರೆ ಮಾತ್ರ ಅವನು ಗಾಡಿ ಮುಟ್ಬೇಕು. ಒಂದು ಗೀರು ಬಿದ್ರೂ ರಜೆ ಮುಗಿಯೋವರೆಗೆ ಕೀಲಿ ನನ್ನ ಸೆರಗಿನ ಗಂಟಿಗೆ!"

ಹುಡುಗ ಹೂಂ ಎಂದ. ಅವನ ಇಡೀ ಬೇಸಿಗೆ ಆ ಕೀಲಿಗೆ ನೇತುಬಿದ್ದಿತ್ತು.

ಹೀಗೆ ನಾನು ಉಸ್ತಾದನಾದೆ. (ಉಸ್ತಾದನ ಕೆಲಸವೆಂದರೆ ಹಿಂದೆ ಕುಳಿತು ಹೆದರುವುದು, ಹೆದರಿದ್ದನ್ನು ಬೈಗುಳ ಮಾಡಿ ಹಂಚುವುದು.) ಸೊರಬದ ದಾರಿಯುದ್ದಕ್ಕೂ "ನಿಧಾನ, ನಿಧಾನ" ಎಂದೆ, ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕುವುದರಲ್ಲಿತ್ತು.

ಒಂದು ತಿರುವು ದಾಟಿದರೆ, ದುರುಗಮ್ಮ ಎಂಬ ರೈತ ಹೆಂಗಸು ಬೇಸಿಗೆ ರಾಗಿಯ ತೆನೆಹುಲ್ಲನ್ನು ಟಾರು ರಸ್ತೆಯ ತುಂಬ ಹಾಸಿದ್ದಳು. ಬಸ್ಸು ಲಾರಿ ಹತ್ತಿದರೆ ಪುಕ್ಕಟೆ ಒಕ್ಕಣೆ. ಹುಡುಗ ಗಾಡಿ ನಿಲ್ಲಿಸಿಬಿಟ್ಟ.

"ಅಬ್ಬಾಜಾನ್, ಹುಲ್ಲು ಜಾರ್ತದೆ. ಇಳೀರಿ, ತಳ್ಕೊಂಡು ಹೋಗಾಣ."

"ತಳ್ಳಾಕೆ ಇದೇನು ಕೈಗಾಡಿಯೇನೋ? ಹದಿನೈದು ವರ್ಷ ಓಡಿಸೀನಿ. ನೀನಿಳಿ, ನೋಡಿ ಕಲಿ!"

ಇಳಿದ, ನೋಡಿದ. ಹತ್ತು ಮಾರು ಹೋಗುವುದರಲ್ಲಿ ಗಾಡಿ ಒಂದು ದಿಕ್ಕು, ನಾನೊಂದು ದಿಕ್ಕು; ಟೋಪಿ ಮಾತ್ರ ನೆಟ್ಟಗೆ ಸೊರಬದ ಕಡೆಗೇ ಹೋಯಿತು. ಎದುರಿನಿಂದ ಬರುತ್ತಿದ್ದ ಬಸ್ಸನ್ನು ಜಬೀವುಲ್ಲಾ ಓಡಿಹೋಗಿ ಟವೆಲು ಬೀಸಿ ನಿಲ್ಲಿಸದಿದ್ದರೆ, ದುರುಗಮ್ಮನ ರಾಗಿಯ ಜೊತೆ ನನ್ನ ಒಕ್ಕಣೆಯೂ ಆಗಿಹೋಗುತ್ತಿತ್ತು.

"ನೀವ್ಯಾಕೆ ಉಳ್ಳಾಡಿ ಒಕ್ತೀರಿ ಸಾಬ್ರೇ, ಬಸ್ಸಿತ್ತಲ್ಲ!" ಎಂದಳು ದುರುಗಮ್ಮ, ನನ್ನ ಗಡ್ಡದೊಳಗಿನ ತೆನೆ ಕಿತ್ತು ವಾಪಸು ರಾಶಿಗೆ ಎಸೆಯುತ್ತ. "ಆ ಹುಡುಗನ್ ಮಾತು ಕೇಳ್ಬಾರ್ದಾಗಿತ್ತಾ?"

ಮನೆಯಲ್ಲಿ ಖುರ್ಷೀದ್ ಬೀ ಮೊದಲು ನನ್ನ ಮೊಣಕೈ ನೋಡಿದಳು, ಆಮೇಲೆ ಗಾಡಿಯ ಗೀರು.

"ಯಾರು ಓಡಿಸ್ತಿದ್ದಿದ್ದು?"

ಸಂತೆಯಲ್ಲಿ ಮಾತಿಗೆ ಯಾರಿಗೂ ಸೋಲದ ನಾನು ಗಡ್ಡದಲ್ಲಿ ಉಳಿದ ರಾಗಿ ಹುಡುಕತೊಡಗಿದೆ.

"ನಾನೇ, ಅಮ್ಮೀ" ಎಂದ ಹುಡುಗ.

ಕೀಲಿ ಸೆರಗು ಸೇರಿತು. "ಈ ವಯಸ್ಸಿನವ್ರನ್ನ ನಂಬಬಾರ್ದು ಅಂತ ಇದಕ್ಕೇ ಹೇಳೋದು" ಎಂದು ಆಕೆ ನನ್ನ ಮೊಣಕೈಗೆ ಅರಿಶಿನ ಮೆತ್ತಿದಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ಬಿದ್ದದ್ದಕ್ಕಿಂತ ಅದೇ ಈಗ ಹೆಚ್ಚು ನೋಯುತ್ತಿದೆ.

ರಜೆ ಮುಗಿಯುತ್ತ ಬಂತು. ಅವನು ಬಿಸಿಲಲ್ಲಿ ಸೈಕಲ್ ತುಳಿಯುತ್ತಾನೆ. ನನ್ನನ್ನು ಒಂದು ಮಾತೂ ಕೇಳಿಲ್ಲ. ಗಾಡಿ ಓಡಿಸಿದ್ದು ನಾನು ಎಂದು ಅವನ ತಾಯಿಗೆ ನಾನು ಹೇಳಬೇಕು. ಇನ್ನೂ ಹೇಳಿಲ್ಲ.