ಬಾವಿಗಿಳಿದ ಕುಕ್ಕರು ಮತ್ತು ಸುವರ್ಣಮ್ಮನವರ ಚಕ್ಕುಲಿ ಒರಳು

"ನೋಡು ಗೋದಾ, ನೀರನ್ನ ನೀನು ಪಾಪದ್ದು ಅಂದ್ಕೊಂಡಿದ್ದೀಯ. ಅದರಷ್ಟು ಕಿಲಾಡಿ ಇನ್ನೊಂದಿಲ್ಲ. ನೀರು ಅಂದ್ರೆ ಕರೆಯದೇ ಬರೋ ನೆಂಟ ಇದ್ದ ಹಾಗೆ. ಮುಂಬಾಗಿಲು ಹಾಕಿದ್ಯಾ, ಹಿತ್ತಿಲಿಂದ ಬರ್ತಾನೆ. ಹಿತ್ತಿಲಿಗೂ ಅಗುಳಿ ಹಾಕಿದ್ಯಾ, ಬಚ್ಚಲ ತೂಬಿನಲ್ಲಿ ತೂರ್ತಾನೆ. ಬಂದವನು ಸುಮ್ಮನೆ ಒಂದು ಕಡೆ ಕೂತ್ಕೋತಾನಾ? ಎರಡು ತಂತಿ ತಮ್ಮ ಪಾಡಿಗೆ ತಾವು ಸಂಸಾರ ಮಾಡ್ಕೊಂಡಿದ್ರೆ, ಮಧ್ಯೆ ಹೋಗಿ ಕೂತು ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ದಾಟಿಸ್ತಾನೆ. ಚಟ್ ಅಂತ ಒಂದು ಕಿಡಿ! ಮುಗೀತು, ಮನೆ ಭಸ್ಮ. ಆದ್ದರಿಂದ ನೀರೊಳಗೆ ಓಡಾಡೋ ಯಂತ್ರ ಮಾಡೋದು ದೊಡ್ಡ ವಿದ್ಯೆ ಅಲ್ಲ ಕಣೇ. ಅದರ ಹೊಟ್ಟೆಗೆ ನೀರು ಹೋಗದ ಹಾಗೆ ನೋಡ್ಕೊಳ್ಳೋದು ವಿದ್ಯೆ. ಆ ವಿದ್ಯೆ ಈ ಹೊಳೆನರಸೀಪುರದಲ್ಲಿ ಯಾರಿಗಾದರೂ ಇದ್ರೆ ನನಗಿದೆ. ಸರ್ವೀಸಿಡೀ ನೆಲದಡಿ ಫೋನ್ ಕೇಬಲ್ಲಿಗೆ ಜಾಯಿಂಟ್ ಹಾಕಿದ ಕೈ ಇದು. ಈಗ ನಿನ್ನ ಕುಕ್ಕರ್ ಕೊಡು."

ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಚನ್ನಕೇಶವಯ್ಯನವರು ಅಡುಗೆಮನೆ ಹೊಸ್ತಿಲ ಮೇಲೆ ನಿಂತು ಹೀಗೆ ಅಪ್ಪಣೆ ಕೊಡಿಸಿದಾಗ ಅವರ ಹೆಂಡತಿ ಗೋದಮ್ಮ ಹುರುಳೀಕಾಯಿ ನಾರು ತೆಗೀತಾ ಇದ್ದರು. ಮಾತೆಲ್ಲ ಪೂರಾ ಕೇಳಿಸಿಕೊಂಡರು. ಕೇಳಿಸಿಕೊಳ್ಳೋದರಲ್ಲಿ ಗೋದಮ್ಮನವರನ್ನು ಮೀರಿಸುವವರು ಕೋಟೆ ಬೀದಿಯಲ್ಲೇ ಇರಲಿಲ್ಲ. ಯಾರ ಮನೆಯಲ್ಲಿ ಅತ್ತೆ ಮುನಿದರೂ, ಸೊಸೆ ತವರಿಗೆ ಹೊರಟರೂ ಅದರ ಪೂರ್ತಿ ಪುರಾಣ ಇವರ ಜಗುಲಿ ಮೇಲೆ. ಇವರು "ಹೂಂ... ಹೂಂ..." ಅನ್ನುತ್ತಾ ಕೇಳೋರು. ಓದಿದ್ದು ಮೂರನೇ ಕ್ಲಾಸಾದರೂ, "ನನ್ನ ಕಿವಿಗೆ ಬಿದ್ದದ್ದು ಬಾಯಿಂದ ಹೊರಗೆ ಬರೋದಿಲ್ಲ" ಅನ್ನೋದು ಅವರು ತಮಗೆ ತಾವೇ ಕೊಟ್ಟುಕೊಂಡ ಪದವಿ. (ಬೀದಿಯವರು ಆ ಪದವಿಗೆ ಸಹಿ ಹಾಕಿರಲಿಲ್ಲ.)

"ಕುಕ್ಕರ್ ಕೊಟ್ಟರೆ ಬೇಳೆ ಯಾವುದರಲ್ಲಿ ಬೇಯಿಸಲಿ? ನಿಮ್ಮ ಟೋಪಿಯಲ್ಲಾ?"

"ಒರಳು ಬೇಕಾ, ಬೇಳೆ ಬೇಕಾ? ನೀನೇ ಹೇಳು."

ಗೋದಮ್ಮ ಎದ್ದು ಕುಕ್ಕರ್ ತಂದು ಕೊಟ್ಟರು. ಯಾಕೆ ಅಂದರೆ ತಪ್ಪು ಅವರದ್ದೇ.

ಆದದ್ದು ಇಷ್ಟು. ಅದು ಎರಡು ಸಾವಿರದ ಮೂರನೇ ಇಸವಿಯ ಶ್ರಾವಣ. ಶಾಂತಿಗ್ರಾಮದ ನಾದಿನಿ ಮನೆ ಸೀಮಂತಕ್ಕೆ ಚಕ್ಕುಲಿ ಕರೆಯಬೇಕು ಅಂತ ಗೋದಮ್ಮ ಪಕ್ಕದ ಮನೆ ಸುವರ್ಣಮ್ಮನವರ ಹಿತ್ತಾಳೆ ಒರಳು ಕೇಳಿ ತಂದಿದ್ದರು. ಎರಡು ಕೈ ಹಿಡಿ ಇರೋ, ಮಗುವಿನಷ್ಟು ಭಾರದ ಹಳೇ ಕಾಲದ ಒರಳು. ಪ್ರತಿ ವರ್ಷವೂ ತರುತ್ತಿದ್ದರು. "ಅದಕ್ಕೇನು ಕೇಳೋದು, ನಿಮ್ಮದೇ ತಾನೇ, ತಗೊಂಡು ಹೋಗಿ" ಅಂತ ಸುವರ್ಣಮ್ಮನೂ ಪ್ರತಿ ವರ್ಷ ಕೊಡುತ್ತಿದ್ದರು. ಎಂಥ ಮರ್ಯಾದಸ್ಥೆ! ಈ ಸಲ ಒರಳು ಕೊಟ್ಟು, ಮಗಳು ಇಂಚರಳ ಬಾಣಂತನಕ್ಕೆ ಅಂತ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಗೋಕುಲಾಷ್ಟಮಿಗೆ ವಾಪಸು. ಅಷ್ಟಮಿಗೆ ಚಕ್ಕುಲಿ ಇಲ್ಲದೆ ಆಗುತ್ತಾ? ಬಂದ ತಕ್ಷಣ ಒರಳು ಕೇಳುವವರೇ.

ಆ ಒರಳನ್ನು ಗೋದಮ್ಮ ಬಾವಿಕಟ್ಟೆ ಮೇಲಿಟ್ಟು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಬಿಸಿಲಿಗೆ ಹಿಡಿದು ತಮ್ಮ ಮುಖ ನೋಡಿಕೊಂಡು, ಸೆರಗಿನಲ್ಲಿ ಒರೆಸೋಣ ಅಂತ ಒಂದು ಕೈ ಬಿಟ್ಟರು. ಇನ್ನೊಂದು ಕೈಗೆ ಎಣ್ಣೆ ಜಿಡ್ಡಿತ್ತು. ಗುಡುಂ.

ಬಾವಿಗೆ ಬಿದ್ದದ್ದನ್ನು ತೆಗೆಯೋಕೆ ಪಾತಾಳಗರಡಿ ಇದ್ದೇ ಇದೆ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಡಕಾಡಿಸಿದರೆ ಬಿದ್ದ ಪಾತ್ರೆಯನ್ನು ಕಚ್ಚಿಕೊಂಡು ಬರುವ ಕಬ್ಬಿಣದ ಕೊಕ್ಕೆಗಳು. ಆದರೆ ಇಡೀ ಬೀದಿಗೆ ಇದ್ದದ್ದು ಒಂದೇ ಪಾತಾಳಗರಡಿ, ಅದೂ ಸುವರ್ಣಮ್ಮನವರದು. ಅದನ್ನು ಸುಮ್ಮನೆ ಕೊಡೋ ಪದ್ಧತಿ ಇಲ್ಲ. ಕೇಳೋಕೆ ಹೋದವರು ಒಂದು ಪಾತ್ರೆಯನ್ನು ಅವರ ಮನೆಯಲ್ಲಿ ಅಡವಿಟ್ಟು ತರಬೇಕು. ಗರಡಿ ಹಿಂದಿರುಗಿಸಿದ ಮೇಲೆ ಪಾತ್ರೆ ವಾಪಸು. ಹಾಗೆ ಮಾಡದಿದ್ದರೆ ಕೊಟ್ಟವರ ಮನೆ ಪಾತ್ರೆಯೂ ಬಾವಿ ಸೇರುತ್ತೆ ಅಂತ ನಂಬಿಕೆ. ಗೋದಮ್ಮ ಆ ಗರಡಿಯ ಹೆಸರು ಕೇಳಿದ್ದೇ ಹೊರತು ಕಣ್ಣಾರೆ ಕಂಡವರಲ್ಲ. ಅವರು ಮದುವೆಯಾಗಿ ಬಂದ ಹೊಸತರಲ್ಲೇ ಮನೆಮನೆಗೆ ನಲ್ಲಿ ಬಂತು, ಬಾವಿಗೆ ಬಿಂದಿಗೆ ಬೀಳೋದೇ ನಿಂತಿತ್ತು.

ಈಗ ಸುವರ್ಣಮ್ಮನಿಗೆ ಫೋನ್ ಮಾಡಿ, "ನಿಮ್ಮ ಒರಳನ್ನ ಬಾವಿಗೆ ಹಾಕಿದ್ದೀನಿ, ತೆಗೆಯೋಕೆ ನಿಮ್ಮ ಗರಡೀನೇ ಕೊಡಿ" ಅನ್ನೋದಾ? ಗೋದಮ್ಮನಿಗೆ ಆ ಬಾವಿಗೆ ತಾವೇ ಹಾರೋದು ಸುಲಭ ಅನ್ನಿಸಿತು. ಒರಳನ್ನು ಸದ್ದಿಲ್ಲದೆ ಮೇಲೆತ್ತಿ, ಸದ್ದಿಲ್ಲದೆ ಒರೆಸಿ, ಸುವರ್ಣಮ್ಮ ಬಂದ ಕೂಡಲೇ ನಗುನಗುತ್ತಾ ಕೈಗಿಡಬೇಕು. ಅದೊಂದೇ ಅವರ ಹರಕೆ.

"ಪಾತಾಳಗರಡಿ ತ್ರೇತಾಯುಗದ್ದು," ಅಂದರು ಚನ್ನಕೇಶವಯ್ಯ. "ನಾನು ಜಲಾಂತರ್ಗಾಮಿ ರೋಬೋಟ್ ಮಾಡ್ತೀನಿ. ಅದಕ್ಕೆ ಕಣ್ಣಿರುತ್ತೆ, ಕೈ ಇರುತ್ತೆ. ಹೆಸರು ಮತ್ಸ್ಯ."

(ಗೋದಮ್ಮ ಅದನ್ನು ಕೊನೆಯವರೆಗೂ ಕುಕ್ಕರ್ ಅಂತಲೇ ಕರೆದರು.)

ಅಂದಿನಿಂದ ಅಡುಗೆಮನೆ ವೈಜ್ಞಾನಿಕ ಲೂಟಿಗೆ ಒಳಗಾಯಿತು. ತಂತಿ, ಬೋರ್ಡು, ಬ್ಯಾಟರಿ ಎಲ್ಲ ಕುಕ್ಕರಿನ ಹೊಟ್ಟೆಗೆ. ಕೇಬಲ್ಲು ವೆಯ್ಟ್ ಕೂರುವ ತೂತಿನಿಂದ ಹೊರಕ್ಕೆ, ಅದರ ಸುತ್ತ ಮೀನಿನ ಗಾಜಿನ ತೊಟ್ಟಿಗೆ ಹಚ್ಚುವ ಅಂಟು. ಮುಚ್ಚಳಕ್ಕೆ ಗ್ಯಾಸ್ಕೆಟ್ಟು, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಹಾಸನದಿಂದ ತಂದ ಪುಟ್ಟ ಕ್ಯಾಮೆರಾ ಉಪ್ಪಿನಕಾಯಿ ಬಾಟಲಿಯೊಳಗೆ. ಆಟದ ಕಾರಿನ ಮೋಟರುಗಳನ್ನು ಫೋಟೋ ಸ್ಟುಡಿಯೋದ ಖಾಲಿ ಫಿಲಂ ಡಬ್ಬಿಗಳಲ್ಲಿ ಕೂರಿಸಿ, ಸುತ್ತಲೂ ಮೇಣದಬತ್ತಿ ಕರಗಿಸಿ ಹುಯ್ದರು. ಕರಗಿಸಿದ್ದು ಒಗ್ಗರಣೆ ಸೌಟಿನಲ್ಲಿ. ಅವತ್ತಿನ ಸಾರಿನ ಮೇಲೆ ಹಾಲಿನ ಕೆನೆಯಂಥ ಒಂದು ಪೊರೆ ನಿಂತಿತ್ತು.

"ಏನೂಂದ್ರೆ, ಸಾರು ನಾಲಿಗೆಗೆ ಅಂಟ್ತಾ ಇದೆ."

"ಒಳ್ಳೇದೇ ಆಯ್ತು. ಇನ್ನು ನಿನ್ನ ನಾಲಿಗೆಗೂ ನೀರು ತಾಗಲ್ಲ."

ಎತ್ತುವ ಕೈಗೆ ಗಟ್ಟಿ ಕಬ್ಬಿಣ ಬೇಕಿತ್ತು. ಉಗ್ರಾಣದ ತೊಲೆಯಲ್ಲಿ, ಅತ್ತೆಯವರ ಕಾಲದಿಂದ ಬಾಳೆಗೊನೆ ಸಿಕ್ಕಿಸುವ ಹೊಗೆ ಹಿಡಿದ ಕೊಕ್ಕೆಗಳ ಗೊಂಚಲೊಂದು ತೂಗುತ್ತಿತ್ತು. ಚನ್ನಕೇಶವಯ್ಯ ಸ್ಟೂಲು ಹತ್ತಿ ಅದರಿಂದ ಒಂದು ಕೊಕ್ಕೆ ಕಿತ್ತುಕೊಂಡರು. ಅದನ್ನು ಕುಕ್ಕರಿನ ಅಡಿಗೆ ತಂತಿಯಿಂದ ಬಿಗಿದರು. ಮುಳುಗಲಿ ಅಂತ ಪಕ್ಕದಲ್ಲಿ ಎರಡು ಇಟ್ಟಿಗೆ.

ಆಮೇಲೆ ಪರೀಕ್ಷೆ. "ಒಳಗೆ ನೀರು ಹೋಯ್ತೋ ಇಲ್ಲವೋ ತಿಳಿಯೋದು ಹೇಗೆ? ಸಾಮಾನೆಲ್ಲ ತೆಗೆದಿಟ್ಟು, ಒಳಗೆ ಎರಡು ಹಪ್ಪಳ ಇಡು. ಹಪ್ಪಳ ಮೆತ್ತಗಾದರೆ ಫೇಲು, ಗರಿಗರಿ ಇದ್ದರೆ ಪಾಸು."

ಬಚ್ಚಲ ಹಂಡೆಯಲ್ಲಿ ಮುಳುಗಿಸಿದರು. ಮೊದಲ ದಿನ ಹಪ್ಪಳ ಚಪಾತಿಯಾಗಿತ್ತು. ಮಾರನೇ ದಿನ ಅಂಚು ಮಾತ್ರ ಮೆತ್ತಗೆ. ಫೇಲಾದ ಹಪ್ಪಳ ಬಿಸಾಕೋಕೆ ಗೋದಮ್ಮನಿಗೆ ಮನಸ್ಸು ಬರಲಿಲ್ಲ, ಒಣಗಿಸಿ ಕರಿದು ಗಂಡನಿಗೇ ಬಡಿಸಿದರು. ತಣ್ಣೀರಲ್ಲಿ ಕೈ ಆಡಿಸಿ ಆಡಿಸಿ ಯಜಮಾನರಿಗೆ ನೆಗಡಿ ಬೇರೆ ಹತ್ತಿತು. ಆದರೂ ಪಟ್ಟು ಬಿಡಲಿಲ್ಲ, ಇನ್ನಷ್ಟು ಅಂಟು ಬಳಿದು ಮತ್ತೆ ಮುಳುಗಿಸಿದರು. ಆ ಸಲ ಹಪ್ಪಳ ಹೊರಗೆ ಬಂದಾಗ ಹೇಗಿತ್ತು ಅಂದರೆ, ಮುರಿದರೆ ಪಟ್ ಅಂತು. ಚನ್ನಕೇಶವಯ್ಯ ಆ ತುಂಡನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡರು.

ಇಷ್ಟು ದೊಡ್ಡ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಗೋದಮ್ಮನಿಗೆ ಉಬ್ಬಸ ಬಂದಂತಾಯಿತು. ಬೆಳಗ್ಗೆ ಹರದನಹಳ್ಳಿಯಿಂದ ಹಾಲು ತರುವ ಮಲ್ಲಿಗಮ್ಮ ಪಾತ್ರೆಗೆ ಹಾಲು ಹುಯ್ಯುತ್ತಾ, "ಅದ್ಯಾಕವ್ವಾ, ಮಕ ಇಂಗೆ ಬಾಡೋಗೈತೆ?" ಅಂದದ್ದೇ ತಡ, ಒರಳು, ಬಾವಿ, ಕುಕ್ಕರು, ಹಪ್ಪಳ ಎಲ್ಲ ಒಂದೇ ಉಸಿರಿಗೆ ಹೊರಬಂತು.

"ಯಾರಿಗೂ ಹೇಳಬೇಡ ಕಣೇ."

"ಅಯ್ಯೋ ಬುಡವ್ವಾ, ನಾನ್ಯಾಕೆ ಏಳಾಕೋಗ್ಲಿ? ನಾಳೀಕೆ ಚನ್ರಾಯಪಟ್ಣದಾಗೆ ನಮ್ಮಕ್ಕನ ಮಗಳ ಮದ್ವೆ, ಓಗ್ಬೇಕು. ನಂಗೇ ನೂರು ಕೆಲ್ಸ ಅವೆ."

ಗೋದಮ್ಮನ ಎದೆ ಹಗುರಾಯಿತು. ಚನ್ನರಾಯಪಟ್ಟಣ ಅನ್ನೋ ಮಾತು ಮಾತ್ರ, ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳೋ ಅವರ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಅಷ್ಟಮಿಗೆ ಇನ್ನೇನು ಬಂತು ಅನ್ನುವಾಗ ಮತ್ಸ್ಯಾವತಾರದ ಮುಹೂರ್ತ. ಬಾವಿಕಟ್ಟೆ ಪಕ್ಕ ಸ್ಟೂಲಿನ ಮೇಲೆ ಟಿ.ವಿ. ಚನ್ನಕೇಶವಯ್ಯನವರ ಕೈಯಲ್ಲಿ ಎರಡು ಸ್ವಿಚ್ಚಿನ ಸೋಪು ಡಬ್ಬಿ.

"ಅಲ್ಲಾಂದ್ರೆ, ಅದಕ್ಕೊಂದು ಹಗ್ಗ ಕಟ್ಟಿ."

"ಹಗ್ಗ ಕಟ್ಟಿದರೆ ಅದು ರೋಬೋಟ್ ಅನ್ನಿಸಿಕೊಳ್ಳಲ್ಲ ಕಣೇ, ಬಿಂದಿಗೆ ಅನ್ನಿಸಿಕೊಳ್ಳುತ್ತೆ."

ಕುಕ್ಕರು ಕೇಬಲ್ಲಿನಲ್ಲಿ ತೂಗುತ್ತಾ ಇಳಿಯಿತು. ಟಿ.ವಿ.ಯಲ್ಲಿ ಬಾವಿಯ ಗೋಡೆ ಬಂತು, ಕಲ್ಲಿನ ಸಂದಿನ ಜರಿಗಿಡ ಬಂತು, ಒಂದು ಕಪ್ಪೆ ಬಂದು ಕ್ಯಾಮೆರಾಕ್ಕೆ ದರ್ಶನ ಕೊಟ್ಟು ಹೋಯಿತು. ಬಾಟಲಿಗೆ ಇನ್ನೂ ಉಪ್ಪಿನಕಾಯಿ ಎಣ್ಣೆ ಅಂಟಿದ್ದರಿಂದ ಪಾತಾಳವೆಲ್ಲ ಮಬ್ಬು ಮಬ್ಬು. ಮೋಟರು ಗುರ್ ಅಂತು. ತಳದ ಕೆಸರಲ್ಲಿ ಏನೋ ಒಂದು ಮಿಣಕ್ ಅಂತು.

"ಒರಳು! ಒರಳು ಕಣ್ರೀ! ಬಲಗಡೆ, ಬಲಗಡೆ! ಅಯ್ಯೋ, ಊಟ ಮಾಡೋ ಕೈ ಕಡೆ!"

ಕೊಕ್ಕೆ ಒರಳಿನ ಹಿಡಿಯ ಹತ್ತಿರ ಹೋಯಿತು. ಇನ್ನೇನು ಸಿಕ್ಕಿತು. ಗೋದಮ್ಮ ಕೈ ಮುಗಿದರು. ಟಿ.ವಿ.ಯಲ್ಲಿ ಅಡ್ಡಗೆರೆ ಬಂತು, ಚುಕ್ಕಿ ಬಂತು, ಆಮೇಲೆ ಏನೂ ಇಲ್ಲ. ಬಾವಿಯಿಂದ ಗುಳುಗುಳು ಗುಳ್ಳೆ ಮಾತ್ರ. ಗಾಬರಿಯಲ್ಲಿ ಚನ್ನಕೇಶವಯ್ಯ ಕೇಬಲ್ಲು ಎಳೆದರು. ಕೇಬಲ್ಲು ಬಂತು. ಕೇಬಲ್ಲೊಂದೇ ಬಂತು.

ಅವರು ಅದರ ತುದಿಯನ್ನು ತಿರುಗಿಸಿ ನೋಡಿದರು. "ಗೋದಾ, ಹಪ್ಪಳ ಪಾಸಾದ ದಿನ ಹಂಡೆ ನೀರು ಬೆಚ್ಚಗಿತ್ತಾ?"

"ಮತ್ತೆ? ನಿಮಗೆ ನೆಗಡಿ ಅಂತ ನಾನೇ ಒಲೆ ಹಚ್ಚಿದ್ದೆ."

"ಅಯ್ಯೋ ಮಹರಾಯಿತಿ! ಬೆಚ್ಚನೆ ನೀರಲ್ಲಿ ಒಳಗಿನ ಗಾಳಿ ಹಿಗ್ಗಿ ಹೊರಕ್ಕೆ ಒತ್ತಿದೆ, ಅದಕ್ಕೇ ನೀರು ಒಳಕ್ಕೆ ಬಂದಿಲ್ಲ. ಬಾವಿ ತಣ್ಣೀರಲ್ಲಿ ಅದೇ ಗಾಳಿ ಕುಗ್ಗಿ, ಸಂದಿ ಸಿಕ್ಕ ಕಡೆ ನೀರನ್ನ ಒಳಕ್ಕೆ ಎಳ್ಕೊಂಡಿದೆ. ನನ್ನ ವಿದ್ಯೆಯೆಲ್ಲ ನಿನ್ನ ಕನಿಕರಕ್ಕೆ ಬಲಿಯಾಯ್ತಲ್ಲೇ!"

"ಕನಿಕರ ತೋರಿಸಿದ್ದೂ ತಪ್ಪಾ? ಹಗ್ಗ ಕಟ್ಟಿ ಅಂದಿದ್ದೆ ತಾನೇ?"

"ಏನ್ರೀ ಗೋದಮ್ಮ, ಬಾವಿಗೆ ಟಿ.ವಿ. ತೋರಿಸ್ತಾ ಇದ್ದೀರಾ?"

ಇಬ್ಬರೂ ತಿರುಗಿದರು. ಹಿತ್ತಿಲ ಬಾಗಿಲಲ್ಲಿ, ಕೈಯಲ್ಲಿ ಬಟ್ಟೆ ಚೀಲ, ಮೈಮೇಲೆ ಬಸ್ಸಿನ ಧೂಳು ಹೊತ್ತು ಸುವರ್ಣಮ್ಮ ನಿಂತಿದ್ದರು.

"ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಲ್ಲಿ ನಿಮ್ಮ ಹಾಲಿನ ಮಲ್ಲಿಗಮ್ಮ ಸಿಕ್ಕಿದ್ದಳು. 'ನಿಮ್ ವಳ್ಳು ಬಾವೀಗ್ ಬಿದ್ದೋಗೈತಂತೆ, ಯಾರ್ಗೂ ಏಳ್ಬ್ಯಾಡ ಅಂದವ್ರೆ' ಅಂದಳು. ಅದಕ್ಕೇ ಬೇಗ ಬಂದೆ."

ಚನ್ನಕೇಶವಯ್ಯ ಹೆಂಡತಿ ಕಡೆ ನೋಡಿ, "ಗ್ಯಾಸ್ಕೆಟ್ಟನ್ನ ನಾನು ತಪ್ಪು ಜಾಗಕ್ಕೆ ಹಾಕ್ಬಿಟ್ಟೆ," ಅಂದರು.

ಗೋದಮ್ಮನಿಗೆ ಕಣ್ಣಲ್ಲಿ ನೀರು ಬಂತು. "ಸುವರ್ಣಮ್ಮ, ನಿಮ್ಮ ಹಳೇ ಕಾಲದ ಒರಳು, ನನ್ನ ಕೈಯಾರೆ... ನಿಮ್ಮ ಪಾತಾಳಗರಡಿ ಒಂದು ಸಲ ಕೊಡಿ. ನನ್ನ ಬೆಳ್ಳಿ ಪಂಚಪಾತ್ರೆಯನ್ನೇ ಅಡವಿಡ್ತೀನಿ."

ಸುವರ್ಣಮ್ಮ ಚೀಲ ಕೆಳಗಿಟ್ಟರು. "ನಮ್ಮನೇಲಿ ಎಲ್ಲಿದೆ ರೀ ಪಾತಾಳಗರಡಿ? ನೀವು ಮದುವೆಯಾಗಿ ಬರೋ ಮೊದಲೇ ನಿಮ್ಮತ್ತೆ ಕೊಡ ಬಿತ್ತು ಅಂತ ತಗೊಂಡು ಹೋದವರು ವಾಪಸು ಕೊಟ್ಟೇ ಇಲ್ಲ. ಅದು ನಿಮ್ಮನೇಲೇ ಇದೆ."

"ನಮ್ಮನೇಲಾ?"

"ಅದಕ್ಕೆ ಅಡವಿಟ್ಟದ್ದೇ ಈ ಚಕ್ಕುಲಿ ಒರಳು. ಇದು ನಿಮ್ಮತ್ತೆಯದು. ಗರಡಿ ಬಂದ ದಿನ ಕೊಟ್ಟುಬಿಡೋಣ ಅಂತ ಇಟ್ಕೊಂಡಿದ್ದೀನಿ. ನೀವೋ ವರ್ಷವರ್ಷ ಬಂದು ಅದನ್ನೇ ಕಡ ಕೇಳ್ತೀರಿ. ನಿಮ್ಮದೇ ತಾನೇ ಅಂತ ನಾನೂ ಪ್ರತಿ ಸಲ ಹೇಳ್ತೀನಿ. ನಿಮಗೆ ವಿಷಯ ಗೊತ್ತಿದ್ದೂ ಗರಡಿ ಕೊಡೋಕೆ ಮನಸ್ಸಿಲ್ಲ ಅಂದ್ಕೊಂಡಿದ್ದೆ."

"ಮತ್ತೆ ಬೀದಿಯವರೆಲ್ಲ ಗರಡಿ ನಿಮ್ಮ ಹತ್ತಿರ ಇದೆ ಅಂತಾರಲ್ಲ!"

"ಕೇಳಿದವರಿಗೆಲ್ಲ ಯಾರೋ ತಗೊಂಡು ಹೋಗಿದ್ದಾರೆ ಅಂದೆ. ಯಾರು ಅಂತ ಯಾಕೆ ಹೇಳಲಿ? ನನ್ನ ಬಾಯಿಂದ ಒಂದು ಮಾತು ಹೊರಗೆ ಬೀಳಲ್ಲ."

ಗೋದಮ್ಮನಿಗೆ ತಲೆ ಎತ್ತೋಕಾಗಲಿಲ್ಲ. ಇಷ್ಟು ವರ್ಷ ತಮ್ಮ ಒರಳನ್ನು ತಾವೇ ಬೇಡಿ ತಂದು, ವಾಪಸು ಕೊಡುವಾಗ ಜೊತೆಗೆ ಒಂದು ಡಬ್ಬ ಚಕ್ಕುಲಿ ಬೇರೆ ಕೊಟ್ಟಿದ್ದರು!

"ಗೋದಾ," ಚನ್ನಕೇಶವಯ್ಯನವರ ದನಿ ಇಳಿದಿತ್ತು. "ಉಗ್ರಾಣದಲ್ಲಿ ಬಾಳೆಗೊನೆ ಸಿಕ್ಕಿಸ್ತೀಯಲ್ಲ..."

ಬಾಳೆಗೊನೆ ಇಳಿಸಿದರು. ಮಸಿ ಒರೆಸಿದರು. ಕಬ್ಬಿಣದ ಬಳೆ, ಸುತ್ತಲೂ ಕೊಕ್ಕೆ. ಹಗ್ಗ ಕಟ್ಟಿ ಇಳಿಬಿಟ್ಟು ತಡಕಾಡಿಸಿದರೆ ಮೊದಲು ಬಂದದ್ದು ಕುಕ್ಕರು, ಹೊಟ್ಟೆ ತುಂಬ ನೀರು ಕುಡಿದು. ಅದರ ಅಡಿಯಲ್ಲಿ ಬಿಗಿದಿದ್ದ ತಂತಿ ಕಿತ್ತುಹೋಗಿತ್ತು. ಆಮೇಲೆ ಒರಳು ಬಂತು, ಒಂದು ತಗ್ಗೂ ಇಲ್ಲದೆ. ಗೋದಮ್ಮ ಅದನ್ನು ಎದೆಗವಚಿಕೊಂಡರು. ಇನ್ನು ಇದು ನಮ್ಮನೇದು!

ಸುವರ್ಣಮ್ಮ ತಮ್ಮ ಪಾತಾಳಗರಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಒಂದು ಕೊಕ್ಕೆ ಇಲ್ಲವಲ್ಲ?"

ಚನ್ನಕೇಶವಯ್ಯ ಬಾವಿ ಕಡೆ ನೋಡಿದರು. ಗೋದಮ್ಮ ಆಕಾಶ ನೋಡಿದರು.

"ಪರವಾಗಿಲ್ಲ," ಅಂದ ಸುವರ್ಣಮ್ಮ ಒರಳನ್ನು ಮೆಲ್ಲಗೆ ಗೋದಮ್ಮನ ಎದೆಯಿಂದ ಬಿಡಿಸಿಕೊಂಡು ಕಂಕುಳಿಗೇರಿಸಿದರು. "ಆ ಕೊಕ್ಕೆ ಸಿಗೋವರೆಗೆ ಇದು ನನ್ನ ಹತ್ತಿರವೇ ಇರಲಿ. ಅಷ್ಟಮಿಗೆ ಬೇಕಾದರೆ ಸಂಕೋಚ ಪಡಬೇಡಿ, ಬಂದು ಕೇಳಿ. ನಿಮ್ಮದೇ ತಾನೇ."

ಅವರು ಅತ್ತ ಹೋದ ಕೂಡಲೇ ಚನ್ನಕೇಶವಯ್ಯನವರ ಮುಖ ಅರಳಿತು. "ಕೊಕ್ಕೆ ತೆಗೆಯೋಕೆ ಇನ್ನೊಂದು ರೋಬೋಟ್ ಮಾಡೋಣ ಕಣೇ. ಈ ಸಲ ತಣ್ಣೀರಲ್ಲೇ ಪರೀಕ್ಷೆ. ಹಪ್ಪಳ ಎಷ್ಟು ಉಳಿದಿದೆ?"

ಗೋದಮ್ಮ ಕುಕ್ಕರಿನ ನೀರು ಚೆಲ್ಲಿ, ತಂತಿಗಳನ್ನೆಲ್ಲ ಯಜಮಾನರ ಮಡಿಲಿಗೆ ಸುರಿದು, ಅಡುಗೆಮನೆಗೆ ಬಂದು ಕೂತರು. ಗ್ಯಾಸ್ಕೆಟ್ಟಿಗೂ ವೆಯ್ಟ್ ಕೂರುವ ತೂತಿಗೂ ಹತ್ತಿದ್ದ ಅಂಟನ್ನು ಉಗುರಿನಿಂದ ಕೆರೆದು ಕೆರೆದು ತೆಗೆದರು. ಸೀಗೆಪುಡಿ ಹಾಕಿ ತಿಕ್ಕಿ ತೊಳೆದರು. ಬೇಳೆ ಹಾಕಿ, ನೀರು ಹುಯ್ದು, ಚಿಟಿಕೆ ಅರಿಸಿನ ಉದುರಿಸಿ, ಮುಚ್ಚಳ ಬಿಗಿದು ಒಲೆ ಮೇಲಿಟ್ಟು, ಮಣೆ ಹಾಕಿಕೊಂಡು ವಿಷಲ್ಲಿಗೆ ಕಾಯುತ್ತಾ ಹುರುಳೀಕಾಯಿ ನಾರು ತೆಗೆಯತೊಡಗಿದರು.