ರಣರಂಗದಲ್ಲಿ ನನ್ನ ಭಾವನ ಟೋಕನ್ ಪದ್ಧತಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ಯುದ್ಧಕ್ಕೆ ಹೋದಷ್ಟು ಸಲ ನಾನು ಬೋವಿಕಾನ ಪೇಟೆಗೂ ಹೋಗಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಚಹಾ ಕುಡಿದು, ಲುಂಗಿ ಎತ್ತಿ ಕಟ್ಟಿ, ಟಿವಿಯ ಎದುರು ಕೂತರೆಂದರೆ ಆರರವರೆಗೆ ಗುಂಡಿನ ಮಳೆ! ಇಷ್ಟು ಯುದ್ಧ ಮಾಡಿಯೂ ಒಬ್ಬ ಶತ್ರುವಿನ ಕೂದಲು ಕೊಂಕಿಸದ ಸೈನಿಕ ಜಗತ್ತಿನಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ನನಗೆ ತಿಳಿಸಿ. ಇಬ್ಬರಿಗೂ ಒಂದೇ ವೇದಿಕೆಯಲ್ಲಿ ಶಾಲು ಹೊದೆಸಿ ಸನ್ಮಾನ ಮಾಡುವ ಖರ್ಚು ನನ್ನದು.

ಭಾವ ಮೂವತ್ತು ವರ್ಷ ಬೋವಿಕಾನದ ಒಂದು ಕ್ಲಿನಿಕ್ಕಿನಲ್ಲಿ ಕಂಪೌಂಡರ್ ಆಗಿದ್ದವರು. ಡಾಕ್ಟರಿಗೆ ವಯಸ್ಸಾಗಿ ಕ್ಲಿನಿಕ್ ಮುಚ್ಚಿತು. ಆಮೇಲೂ ಎರಡು ತಿಂಗಳು ಭಾವ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಜಗಲಿಯಲ್ಲಿ ಕೂರುತ್ತಿದ್ದರು. ಯಾರೂ ಬರಲಿಲ್ಲ. ಅಷ್ಟರಲ್ಲಿ ದುಬೈಯಿಂದ ರಜೆಗೆ ಬಂದ ಅವರ ತಮ್ಮ ಒಂದು ಗೇಮಿನ ಪೆಟ್ಟಿಗೆ ತಂದ. ಟಿವಿಗೆ ಸಿಕ್ಕಿಸಿ ಇಂಟರ್ನೆಟ್ ಕೊಟ್ಟರೆ ಎಲ್ಲೆಲ್ಲಿಯದೋ ಐದು ಜನ ಒಂದು ತಂಡವಾಗಿ ಇನ್ನೆಲ್ಲಿಯದೋ ಐದು ಜನರಿಗೆ ಗುಂಡು ಹೊಡೆಯುವ ಆಟ. ಹೆಡ್‌ಫೋನಿನಲ್ಲಿ ತಮ್ಮತಮ್ಮೊಳಗೆ ಮಾತಾಡಲೂ ಬಹುದು, ಬೇಕೆಂದರೆ ಎದುರು ತಂಡದವರೊಡನೆಯೂ. ಗುಂಡು ತಾಗಿ ಬಿದ್ದವನ ಬಳಿಗೆ ತಂಡದ ಯಾರೇ ಆದರೂ ಅರ್ಧ ನಿಮಿಷದೊಳಗೆ ಓಡಿ ಇಂಜೆಕ್ಷನ್ ಕೊಟ್ಟರೆ ಅವನು ಎದ್ದು ನಿಲ್ಲುತ್ತಾನೆ. ತಮ್ಮ ಇಷ್ಟೆಲ್ಲ ವಿವರಿಸಿದಾಗ ಭಾವ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಇಂಜೆಕ್ಷನ್ ಉಂಟಾ?"

ತಮ್ಮ ದುಬೈಗೆ ಹಿಂದಿರುಗಿದ. ಪೆಟ್ಟಿಗೆ ಇಲ್ಲಿಯೇ ಉಳಿಯಿತು.

ಭಾವನಿಗೊಂದು ಖಾಯಂ ತಂಡವೂ ಸಿಕ್ಕಿತು. ಕಣ್ಣೂರಿನ ಫೋಟೋಗ್ರಾಫರ್ ಒಬ್ಬ ಅದರ ನಾಯಕ, ಶಾರ್ಜಾದ ಹೋಟೆಲಿನವನೊಬ್ಬ, ಪುಣೆಯ ಅಣ್ಣತಮ್ಮಂದಿರಿಬ್ಬರು. ಇವರೆಲ್ಲ ಗುಂಡು ಹೊಡೆಯುವವರು, ಭಾವ ಸೂಜಿ ಚುಚ್ಚುವವರು. ಅದರಲ್ಲಿ ತೊಂದರೆ ಏನು ಎನ್ನುತ್ತೀರಾ? ಕ್ಲಿನಿಕ್ಕಿನ ಟೋಕನ್ ಪದ್ಧತಿಯನ್ನು ಅವರು ರಣರಂಗಕ್ಕೂ ತಂದರು! ಮೊದಲು ಬಿದ್ದವನಿಗೆ ಮೊದಲ ಇಂಜೆಕ್ಷನ್. ಕಾಲಬುಡದಲ್ಲೇ ಒಬ್ಬ ಬಿದ್ದು ಹೊರಳುತ್ತಿದ್ದರೂ ಅವನನ್ನು ದಾಟಿ, ಅವನಿಗಿಂತ ಮುಂಚೆ ಬಿದ್ದ ಇನ್ನೊಬ್ಬನನ್ನು ಹುಡುಕಿಕೊಂಡು ಮೈದಾನದ ಆಚೆ ತುದಿಗೆ ಓಡುವರು. ಒಮ್ಮೆ ನಾಯಕನೇ ಬಿದ್ದಲ್ಲಿಂದ ಬೊಬ್ಬೆ ಹೊಡೆದ, "ಅಂಕಲೇ, ನಾನು ಇಲ್ಲೇ ಇದ್ದೇನೆ!" ಎಂದು. ಭಾವ ಓಡುತ್ತಲೇ ಅವನ ಮಲಯಾಳದಲ್ಲೇ ಸಮಾಧಾನ ಹೇಳಿದರು: "ನಿಮ್ಮದು ಮೂರನೆಯದ್ದು. ಸ್ವಲ್ಪ ಕಾಯಿರಿ."

ನಾನು ನಗುತ್ತಾ ಕೇಳಿದೆ, "ಹತ್ತಿರ ಇದ್ದವನನ್ನು ಮೊದಲು ಎಬ್ಬಿಸಿದರೆ ಎಂತ ಆಗ್ತದೆ ಭಾವ?"

"ಇವತ್ತು ಹತ್ತಿರದವನು ಅಂತ ಮೊದಲು ಒಳಗೆ ಬಿಡ್ತೀ, ನಾಳೆ ಪಂಚಾಯತ್ ಮೆಂಬರ್ ಅಂತ ಬಿಡ್ತೀ. ಹಾಗೆ ಬಿಡ್ಲಿಕ್ಕೆ ಶುರು ಮಾಡಿದ್ರೆ ಕ್ಲಿನಿಕ್ ನಡೀತದಾ ಮಾರಾಯ?"

ಇನ್ನು ಇಂಟರ್ನೆಟ್ಟಿನ ಕಥೆ. ಅಕ್ಕ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸಿದರೆ ಸಾಕು, ವೋಲ್ಟೇಜ್ ಬಿದ್ದು ಮೋಡೆಮ್ ಕಣ್ಣು ಮುಚ್ಚುತ್ತಿತ್ತು. ಟಿವಿಯಲ್ಲಿ ಭಾವ ಸೂಜಿ ಎತ್ತಿ ಹಿಡಿದ ಭಂಗಿಯಲ್ಲೇ ಕಲ್ಲಾಗುತ್ತಿದ್ದರು. ಮತ್ತೆ ಜೀವ ಬರುವಾಗ ಗುಂಡು ತಾಗಿ, ಸತ್ತು, ಆಟವೇ ಮುಗಿದಿರುತ್ತಿತ್ತು.

"ನಿಮಗೆ ಚಟ್ನಿ ಬೇಕೋ, ಯುದ್ಧ ಬೇಕೋ? ಒಂದು ಹೇಳಿ!" ಅಕ್ಕನ ಗುಡುಗು.

"ಎರಡೂ ಬೇಕು ಮಾರಾಯ್ತಿ. ಅರೆಯುವ ಮೊದಲು ಒಂದು ಮಾತು ಹೇಳು."

ಅಂದಿನಿಂದ ಅಕ್ಕ ಮಿಕ್ಸಿಗೆ ಕೈ ಹಾಕುವ ಮೊದಲು ಕೂಗಿ ಹೇಳುವಳು. ಭಾವ ಅದನ್ನು ಹೆಡ್‌ಫೋನಿನಲ್ಲಿ "ಐದು ನಿಮಿಷ ಚಟ್ನಿ" ಎಂದು ದಾಟಿಸುವರು. ಕಣ್ಣೂರು, ಶಾರ್ಜಾ, ಪುಣೆಗಳ ವೀರರೆಲ್ಲ ಬಂದೂಕು ಅಪ್ಪಿಕೊಂಡು ಗೋಡೆಯ ಹಿಂದೆ ಅಡಗಿ ಕೂರುವರು. ಬೋವಿಕಾನದ ಚಟ್ನಿಗೆ ಇಷ್ಟು ಮರ್ಯಾದೆ ಬೇರೆಲ್ಲಾದರೂ ಸಿಕ್ಕಿದೆಯೇ?

ಬೈಯುವವರಿಗೂ ಆ ಆಟದಲ್ಲಿ ಬರಗಾಲವಿರಲಿಲ್ಲ. ಎದುರು ತಂಡದವನೊಬ್ಬ ಸೋತ ಸಿಟ್ಟಿಗೆ ಭಾವನ ಏಳು ತಲೆಮಾರನ್ನೂ ಹಿಂದಿಯಲ್ಲಿ ತೊಳೆದ. ಭಾವ ಪೂರ್ತಿ ಕೇಳಿಸಿಕೊಂಡು, "ನಿಮಗೆ ಬಿ.ಪಿ. ಇದೆಯಾ? ಉಪ್ಪು ಕಡಿಮೆ ಮಾಡಿ" ಎಂದರು. ಆಮೇಲೆ ಆತ ಮೆಲ್ಲನೆ, "ಹೇಗೆ ಗೊತ್ತಾಯಿತು?" ಎಂದು ಕೇಳಿದನಂತೆ. ಮರುದಿನದಿಂದ ಅವನು ಆಟಕ್ಕಿಂತ ಮೊದಲು ಬಿ.ಪಿ. ಲೆಕ್ಕ ಒಪ್ಪಿಸತೊಡಗಿದ.

ಹೀಗಿರುವಾಗ ಭಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎರಡು ದಿನ ಟಿವಿ ನೋಡಬಾರದು ಎಂದು ಡಾಕ್ಟರ್ ಹೇಳಿದರು. ಅಕ್ಕ ಅದನ್ನು ಹದಿನೈದು ದಿನ ಮಾಡಿದಳು. ನಾನು ಮಧೂರಿನಿಂದ ನೋಡಲು ಹೋದಾಗ ಭಾವ ಕಪ್ಪು ಕನ್ನಡಕ ಹಾಕಿ, ಮುಖ ಬಾಡಿಸಿಕೊಂಡು ಕೂತಿದ್ದರು.

"ನೋವುಂಟಾ ಭಾವ?"

"ಕಣ್ಣಿಗೆ ಎಂತದ್ದೂ ಇಲ್ಲ. ಮೂರು ದಿನ ಬಾರದಿದ್ರೆ ಬೇರೆಯವರನ್ನು ಸೇರಿಸುವುದು ಅಂತ ನಮ್ಮ ತಂಡದಲ್ಲಿ ರೂಲ್ ಉಂಟು. ಇವತ್ತು ಮೂರನೇ ದಿನ."

"ಆಪರೇಷನ್ ಆಗಿದೆ ಅಂತ ಹೇಳಿದ್ರೆ ಆಯ್ತಲ್ಲ?"

ಭಾವ ತಲೆ ಅಲ್ಲಾಡಿಸಿದರು. "ಮೂವತ್ತು ವರ್ಷ ಈ ಊರಿನವರಿಗೆ ಸೂಜಿ ಚುಚ್ಚಿದೆ. ಕ್ಲಿನಿಕ್ ಮುಚ್ಚಿದ ಮೇಲೆ ಒಬ್ಬರೂ ಬಂದು ಹೇಗಿದ್ದೀರಿ ಅಂತ ಕೇಳ್ಲಿಲ್ಲ. ಇಂಜೆಕ್ಷನ್ ಕೊಡ್ಲಿಕ್ಕಾಗದ ಕಂಪೌಂಡರ್ ಯಾರಿಗೆ ಬೇಕು ಮಾರಾಯ? ಇವತ್ತೊಂದು ದಿನ ನನ್ನ ಬದಲಿಗೆ ನೀನು ಆಡು."

ಇಷ್ಟು ದಿನ ಅವರನ್ನು ಗೇಲಿ ಮಾಡಿದ ನಾನೇ ಅವರ ಪರವಾಗಿ ಅಡುಗೆಮನೆಗೆ ಹೋದೆ. ಅಕ್ಕನೊಡನೆ ಒಪ್ಪಂದವಾಯಿತು. ಭಾವ ಟಿವಿಗೆ ಬೆನ್ನು ಹಾಕಿ ಗೋಡೆ ನೋಡಿಕೊಂಡು ಕೂರಬೇಕು. ನಾನು ಹೆಡ್‌ಫೋನ್ ಹಾಕಿ, ತುಟಿ ಬಿಚ್ಚದೆ, ಅವರ ಹೆಸರಿನಲ್ಲಿ ಆಡಬೇಕು. "ಬಿದ್ದವರನ್ನು ಕ್ರಮದಲ್ಲಿ ಎಬ್ಬಿಸು" ಎಂದು ಗೋಡೆಯ ಕಡೆಯಿಂದ ಅಪ್ಪಣೆಯಾಯಿತು.

ಕ್ರಮವೆಲ್ಲಿ ಬಂತು! ಮೊದಲ ನಿಮಿಷದಲ್ಲೇ ಗುಂಡು ತಾಗಿ ಬಿದ್ದವನು ನಾನು. ಮಿಕ್ಸಿಯ ದೆಸೆಯಿಂದ ಸತ್ತದ್ದು ಬಿಟ್ಟರೆ ಭಾವ ಆ ತಂಡ ಸೇರಿದ ಮೇಲೆ ಹೀಗೆ ನಡುಬಯಲಲ್ಲಿ ಬಿದ್ದದ್ದೇ ಇಲ್ಲವಂತೆ. ಕಿವಿಯಲ್ಲಿ ಒಮ್ಮೆಲೇ ಗದ್ದಲವೆದ್ದಿತು: "ಅಂಕಲ್ ಬಿದ್ದರು! ಅಂಕಲ್ ಬಿದ್ದರು!"

"ಯಾರು ಬಿದ್ದದ್ದು?" ಭಾವ ಗೋಡೆಗೆ ಕೇಳಿದರು.

"ನೀವೇ ಭಾವ."

ಅವರು ಗೋಡೆಗೆ ಇನ್ನಷ್ಟು ಹತ್ತಿರ ಸರಿದರು. ಮತ್ತೆ ತಗ್ಗಿದ ದನಿಯಲ್ಲಿ, "ಯಾರಾದರೂ ಬಂದರಾ?" ಎಂದರು.

ನಾನು ಟಿವಿ ನೋಡಿದೆ. ಕಾಯಬೇಕಾದ ಜಾಗವನ್ನು ಶತ್ರುಗಳಿಗೆ ಬಿಟ್ಟು, ಗೆಲ್ಲುವ ಆಟವನ್ನೂ ಬಿಟ್ಟು, ನಾಲ್ಕು ದಿಕ್ಕಿನಿಂದ ನಾಲ್ವರೂ ಓಡಿ ಬಂದಿದ್ದರು.

"ನಾಲ್ಕೂ ಜನ ಬಂದಿದ್ದಾರೆ ಭಾವ. ಕ್ಯೂ ಇಲ್ಲ, ಟೋಕನ್ ಇಲ್ಲ, ಎಲ್ಲರೂ ಒಟ್ಟಿಗೇ ಇಂಜೆಕ್ಷನ್ ಹಿಡಿದು ನುಗ್ಗಿದ್ದಾರೆ."

ಭಾವ ಗೋಡೆ ನೋಡುತ್ತಲೇ ಕಪ್ಪು ಕನ್ನಡಕದ ಕೆಳಗೆ ಬೆರಳು ತೂರಿಸಿದರು. ಅಡುಗೆಮನೆಯ ಬಾಗಿಲಿನಿಂದ ಅಕ್ಕ ಕೂಗಿದಳು:

"ಇವರೇ! ಆ ಕಣ್ಣಿಗೆ ನೀರು ತಾಗಬಾರದು ಅಂತ ಡಾಕ್ಟರ್ ಹೇಳಿದ್ದಲ್ವಾ!"