ಬರಿಗೈಯಲ್ಲಿ ಕಳಿಸುವ ವಿದ್ಯೆ

ಸೋಲುವುದಕ್ಕೆ ಯಾವ ತರಬೇತಿಯೂ ಬೇಡ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದು ಹಲ್ಲು ಬಂದ ಹಾಗೆ ತಾನಾಗಿಯೇ ಬರುತ್ತದೆ. ಹಲ್ಲಾದರೂ ಕೊನೆಗೊಂದು ದಿನ ಉದುರುತ್ತದೆ, ಸೋಲು ಉದುರುವುದಿಲ್ಲ. ಆದರೆ ಮೇಜು ಹಾಕಿ, ಹಸಿರು ಬಟ್ಟೆ ಹಾಸಿ, ದೀಪ ಹಚ್ಚಿ, ಕ್ರಮವಾಗಿ ಕೂತು ಸೋಲುವ ಜಾಗಗಳು ಈ ಲಂಡನ್ನಿನಲ್ಲಿವೆ ಎಂದು ನನಗೆ ಗೊತ್ತಾದದ್ದು ಮೊಮ್ಮಗಳು ಶ್ರಾವ್ಯಳಿಂದ. ಅವಳಿಗೆ ಕ್ಯಾಸಿನೋದಲ್ಲಿ ಕೆಲಸ ಸಿಗುವುದರಲ್ಲಿತ್ತು. ಆಡುವ ಕೆಲಸವಲ್ಲ, ಆಡಿಸುವ ಕೆಲಸ. ಇಸ್ಪೀಟಿನ ಎಲೆ ಹಂಚುವುದು, ಚಕ್ರ ತಿರುಗಿಸುವುದು, ಗೆದ್ದವರಿಗೆ ಕೊಡುವುದು, ಸೋತವರದ್ದನ್ನು ಬಾಚಿಕೊಳ್ಳುವುದು. ಬಾಚಿಕೊಳ್ಳುವ ಕೆಲಸವೇ ಹೆಚ್ಚಂತೆ.

ನಾನು ಓದಿದ್ದು ಮೂರನೆಯ ಕ್ಲಾಸು. ದೊಡ್ಡ ಮಾತು ನನ್ನಿಂದ ಬರುವುದಿಲ್ಲ, ಸಣ್ಣ ಮಾತನ್ನು ಮೆಲ್ಲಗೆ ಆಡಲೂ ಬರುವುದಿಲ್ಲ. ಕುಂದಾಪುರದ ಕಡೆಯಿಂದ ಬಂದು ನಾನೂ ನನ್ನ ಯಜಮಾನರೂ ಇಲ್ಲಿಯ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹೊಯ್ದು ಬೆನ್ನು ಬಗ್ಗಿಸಿಕೊಂಡೆವು. ಯಜಮಾನರು ಹೋದರು, ಬಗ್ಗಿದ ಬೆನ್ನು ಉಳಿದಿದೆ. ಈಗ ರೇನರ್ಸ್ ಲೇನಿನಲ್ಲಿ ಮಗಳು ಸುಜಾತಳ ಫ್ಲ್ಯಾಟಿನಲ್ಲಿದ್ದೇನೆ. ಸುಜಾತ ಗ್ರೀನ್‌ಫರ್ಡಿನ ಗೋದಾಮಿನಲ್ಲಿ ದುಡಿಯುತ್ತಾಳೆ. ಅವಳ ಮಗಳು ಶ್ರಾವ್ಯ ಡಿಗ್ರಿ ಮಾಡಿದಳು, ಎಲ್ಲೆಲ್ಲಿಗೋ ಅರ್ಜಿ ಹಾಕಿದಳು. ಕೊನೆಗೆ ಪಾರ್ಕ್ ರಾಯಲ್‌ನಲ್ಲಿ ಸ್ಯಾಂಡ್‌ವಿಚ್ ಪ್ಯಾಕ್ ಮಾಡುವ ಕೆಲಸ ಸಿಕ್ಕಿತು. ಅದೂ ಬೆಳಿಗ್ಗೆ ಫೋನು ಬಂದರೆ ಉಂಟು, ಬಾರದಿದ್ದರೆ ಇಲ್ಲ. ಫೋನು ಬಾರದ ದಿನ ಗೋಡೆಗೆ ಮುಖ ಮಾಡಿ ಮಲಗುವಳು. ಆಮೇಲಾಮೇಲೆ ಫೋನು ಬಂದ ದಿನವೂ ಮಲಗುವಳು. ಇಂಥವಳು ಒಂದು ದಿನ ತಲೆಗೆ ಸ್ನಾನ ಮಾಡಿ, ಜಡೆ ಬಿಗಿದು, ಕ್ಯಾಸಿನೋ ತರಬೇತಿಗೆ ಹೊರಟು ನಿಂತಳು. ಜೂಜು ಪಾಪ ಎಂಬ ಮಾತು ನನ್ನ ಗಂಟಲಿನವರೆಗೆ ಬಂದಿತ್ತು. ಆ ಬಾಚಿದ ತಲೆ ನೋಡಿ ನುಂಗಿಕೊಂಡೆ. ಸುಜಾತ ಮಾತ್ರ ಕನ್ನಡದವರು ಸೇರಿದಲ್ಲೆಲ್ಲ ಮಗಳು ಹಾಸ್ಪಿಟಾಲಿಟಿ ಲೈನಿನಲ್ಲಿದ್ದಾಳೆ ಎಂದು ಹೇಳಿಕೊಂಡು ಬಂದಳು. ಕೇಳಿದವರು ಹಾಸ್ಪಿಟಲ್ ಎಂದುಕೊಂಡು ತಮ್ಮ ಮಂಡಿನೋವು ಹೇಳತೊಡಗಿದರು.

ತರಬೇತಿಯ ಕೊನೆಗೆ ಟೇಬಲ್ ಟೆಸ್ಟ್ ಎಂಬುದೊಂದಿದೆ. ಕಲಿಸುವವರೇ ಗಿರಾಕಿಗಳ ವೇಷ ಹಾಕಿ ಮೇಜಿನ ಸುತ್ತ ಕೂರುತ್ತಾರೆ, ಇವಳು ಆಡಿಸಬೇಕು. ಪಾಸಾದರೆ ಕೆಲಸ, ಇಲ್ಲದಿದ್ದರೆ ಮತ್ತೆ ಸ್ಯಾಂಡ್‌ವಿಚ್ಚು ಮತ್ತು ಗೋಡೆ. ಮನೆಯಲ್ಲಿ ಅಭ್ಯಾಸಕ್ಕೆ ಗಿರಾಕಿ ಬೇಕಾಯಿತು. ಹಗಲು ಹೊತ್ತು ಬಿಡುವಾಗಿ ಸಿಗುವ ಪ್ರಾಣಿ ಈ ಮನೆಯಲ್ಲಿ ನಾನೊಬ್ಬಳೇ. ಊಟದ ಮೇಜಿನ ಮೇಲೆ ಹಸಿರು ಬೆಡ್‌ಶೀಟು ಹಾಸಿದೆವು. ದುಡ್ಡಿನ ಬದಲು ಆಡುವ ಬಿಲ್ಲೆಗಳಿಗೆ ಚಿಪ್ಸ್ ಎನ್ನುತ್ತಾರೆ. ನಮ್ಮಲ್ಲಿ ಹುರಿಗಡಲೆ ಒಂದು ಪೌಂಡು, ನೆಲಗಡಲೆ ಐದು, ಗೇರುಬೀಜ ಇಪ್ಪತ್ತೈದು ಎಂದಾಯಿತು. ಸಂಜೆಯ ಹೊತ್ತಿಗೆ ಬ್ಯಾಂಕಿನ, ಅಂದರೆ ಹಂಚುವವಳ ಮುಂದಿನ ರಾಶಿಯ, ಅರ್ಧ ಹಣ ಹೊಟ್ಟೆ ಸೇರಿರುತ್ತಿತ್ತು.

ನಿಮಗೂ ಆಡುವ ಚಪಲವಿದ್ದರೆ ಕೇಳಿ. ಮೊದಲು ಕೂರುವ ರೀತಿ. ಹಣವನ್ನು ಹಂಚುವವಳ ಕೈಗೆ ಕೊಡಬಾರದು, ಮೇಜಿನ ಮೇಲಿಡಬೇಕು, ಅವಳು ಅಲ್ಲಿಂದ ಎತ್ತಿಕೊಳ್ಳುತ್ತಾಳೆ. ಉಪ್ಪು, ಮೆಣಸನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಾವು ಕೆಳಗಿಟ್ಟು ಕೊಡುವುದಿಲ್ಲವೇ, ಹಾಗೆಯೇ. ಇಷ್ಟು ಕೇಳಿದಾಗ ನನಗೆ ಕ್ಯಾಸಿನೋದವರ ಮೇಲೆ ತುಸು ಗೌರವ ಬಂದದ್ದು ನಿಜ. ಬಂದಷ್ಟೇ ಬೇಗ ಹೋಯಿತು.

ಬ್ಲ್ಯಾಕ್‌ಜ್ಯಾಕ್ ಎಂಬ ಆಟದಲ್ಲಿ ನಿಮಗೆ ಎರಡು ಎಲೆ, ಹಂಚುವವಳಿಗೆ ಒಂದು. ಎಲೆಗಳ ಬೆಲೆ ಕೂಡಿಸುತ್ತ ಅವಳಿಗಿಂತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ ಬೆಲೆ. ಈ ಒಂದು ನ್ಯಾಯ ನನಗೆ ಹಿಡಿಸಿತು. ಎಕ್ಕ ಮಾತ್ರ ಸಮಯಸಾಧಕ, ಬೇಕಾದಾಗ ಒಂದು, ಬೇಕಾದಾಗ ಹನ್ನೊಂದು. ಇನ್ನೊಂದು ಎಲೆ ಬೇಕಾದರೆ ಬೆರಳಿನಿಂದ ಮೇಜು ತಟ್ಟಬೇಕು, ಸಾಕಾದರೆ ಅಂಗೈ ಬೀಸಬೇಕು. ಬಾಯಲ್ಲಿ ಹೇಳಿದರೆ ಸಾಲದು, ಚಾವಣಿಯ ಕ್ಯಾಮೆರಾಕ್ಕೆ ಕೈ ಕಾಣಬೇಕು. ಊಟದ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಹೊಯ್ಯುವ ಊರಿನವಳು ನಾನು. ಇಲ್ಲಿ ಕೈ ಬೀಸಿದರೆ ನಿಜವಾಗಿಯೂ ಬಡಿಸುವುದಿಲ್ಲ.

ನನಗೆ ಬೀಳುತ್ತಿದ್ದದ್ದು ಬರೀ ಹದಿನಾರು. ಎದುರಿಗೆ ಅವಳ ಹತ್ತು ಕೂತಿರುವಾಗ ನಿಮ್ಮ ಕೈಯಲ್ಲಿ ಹದಿನಾರಿದ್ದರೆ ಎಲೆ ತೆಗೆದುಕೊಂಡರೂ ಕೆಟ್ಟಿರಿ, ಬಿಟ್ಟರೂ ಕೆಟ್ಟಿರಿ. ಅತ್ತೆಮನೆಯಲ್ಲಿ ಹೊಸ ಸೊಸೆಯಾಗಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾತಾಡಿದರೆ ಬಾಯಿ ಜೋರು, ಸುಮ್ಮನಿದ್ದರೆ ಸೊಕ್ಕು. ಹಂಚುವವಳಿಗೆ ಈ ಸಂಕಟವೇ ಇಲ್ಲ. ಹದಿನಾರರವರೆಗೆ ಅವಳು ತೆಗೆಯಲೇಬೇಕು, ಹದಿನೇಳಕ್ಕೆ ನಿಲ್ಲಲೇಬೇಕು. ಮೇಲಾಗಿ ನೀವು ಮೊದಲು ದಾಟಿ ಸೋತರೆ ನಿಮ್ಮ ಕಡಲೆ ಆಗಲೇ ಹೋಯಿತು. ಆಮೇಲೆ ಅವಳೂ ದಾಟಿದರೆ ಹೋದದ್ದು ಮರಳುವುದಿಲ್ಲ.

ರೂಲೆಟ್ ಎಂಬ ಚಕ್ರದಾಟಕ್ಕೆ ಶ್ರಾವ್ಯ ಹಳೆ ಸಾಮಾನಿನ ಚಾರಿಟಿ ಅಂಗಡಿಯಿಂದ ಒಂದು ಆಟಿಕೆ ಚಕ್ರ ತಂದಳು. ಒಂದರಿಂದ ಮೂವತ್ತಾರರ ತನಕ ಮನೆಗಳು, ಅರ್ಧ ಕೆಂಪು, ಅರ್ಧ ಕಪ್ಪು. ಬಣ್ಣದ ಮೇಲೆ ಕಟ್ಟಿ ಗೆದ್ದರೆ ಒಂದಕ್ಕೆ ಒಂದು, ಒಂದೇ ಅಂಕಿಯ ಮೇಲೆ ಕಟ್ಟಿ ಗೆದ್ದರೆ ಮೂವತ್ತೈದು ಪಟ್ಟು. ಕೇಳಲು ಧರ್ಮದ ಹಾಗೇ ಇದೆ. ಆದರೆ ಆ ಮನೆಗಳ ನಡುವೆ ಹಸಿರು ಬಣ್ಣದ ಒಂದು ಸೊನ್ನೆ ಇದೆ. ಅದು ಕೆಂಪೂ ಅಲ್ಲ, ಕಪ್ಪೂ ಅಲ್ಲ, ತಿರುಗುವ ಗೋಲಿ ಅಲ್ಲಿ ನಿಂತರೆ ಲಾಭ ಕ್ಯಾಸಿನೋದವರದು. ಅಷ್ಟು ದೊಡ್ಡ ಕಟ್ಟಡ, ಕಾರ್ಪೆಟ್ಟು, ದೀಪ, ನನ್ನ ಮೊಮ್ಮಗಳಿಗೆ ಬರಬೇಕಾದ ಸಂಬಳ ಎಲ್ಲವೂ ಆ ಒಂದು ಸೊನ್ನೆಯ ಮೇಲೆ ನಿಂತಿವೆ. ಇನ್ನು ಬ್ಯಾಕರಾ ಎಂಬುದು ನಮ್ಮ ಕಡೆಯ ಕೋಳಿ ಅಂಕದ ಹಾಗೆ. ಎರಡು ಕಡೆ ಎಲೆ ಬೀಳುತ್ತವೆ, ಯಾವ ಕಡೆ ಒಂಬತ್ತರ ಹತ್ತಿರ ಬರುತ್ತದೋ ಅದು ಗೆಲ್ಲುತ್ತದೆ. ನೀವು ಬೇಲಿಯಾಚೆ ನಿಂತು ಯಾವುದಾದರೊಂದು ಕೋಳಿಗೆ ಕಟ್ಟುವುದಷ್ಟೇ. ಇವೆಲ್ಲವನ್ನೂ ಆಡಿ ಸೋತ ಮೇಲೆ ನಾನು ಕಂಡುಕೊಂಡ ಉಪಾಯ ಒಂದೇ. ಎಷ್ಟು ಒಯ್ಯುತ್ತೀರೋ ಅಷ್ಟೂ ಹೋಯಿತೆಂದು ಮನೆಯಲ್ಲೇ ಅತ್ತು, ಮುಖ ತೊಳೆದು ಹೋಗಿ.

ಟೆಸ್ಟಿನ ದಿನ ಶ್ರಾವ್ಯ ಮನೆಗೆ ಬಂದವಳು ಬೂಟು ಕಳಚದೆ ಸೋಫಾದಲ್ಲಿ ಕೂತಳು. ಫೇಲಾಗಿತ್ತು. ಲೆಕ್ಕ ತಪ್ಪಿತೇ ಎಂದರೆ ಇಲ್ಲ, ಎಲೆ ಜಾರಿತೇ ಎಂದರೆ ಇಲ್ಲ. ಆದದ್ದೇ ಬೇರೆ. ಕಲಿಸುವ ಹೆಂಗಸೊಬ್ಬಳು ಮುದುಕಿಯ ವೇಷದಲ್ಲಿ ಕೂತಿದ್ದಳಂತೆ. ಇದ್ದದ್ದೆಲ್ಲ ಸೋತಳು, ಕೈಚೀಲ ಹೆಗಲಿಗೇರಿಸಿ ಎದ್ದಳು. ಇವಳು ಬ್ಯಾಂಕಿನಿಂದ ಒಂದು ಚಿಪ್ ತೆಗೆದು, ಎಡಗೈಯನ್ನು ಬಲಗೈಗೆ ತಾಗಿಸಿ, ಆಕೆಯ ಅಂಗೈಯಲ್ಲಿಟ್ಟುಬಿಟ್ಟಳು. ಅಲ್ಲಿಗೇ ಟೆಸ್ಟು ನಿಲ್ಲಿಸಿದರಂತೆ. ಅವರ ಶಾಸ್ತ್ರದಲ್ಲಿ ಅದಕ್ಕೆ ಕಳವು ಎನ್ನುತ್ತಾರೆ.

"ಎಂತಕ್ಕೆ ಕೊಟ್ಟೆ ಹೆಣೆ?" ಎಂದೆ.

"ಐ ಡೋಂಟ್ ನೋ, ಅಮ್ಮಮ್ಮ. ಅವಳು ಎದ್ದು ನಿಂತಳು. ಮೈ ಹ್ಯಾಂಡ್ ಜಸ್ಟ್ ಹೋಯ್ತು."

ಕೈ ಯಾಕೆ ಹೋಯಿತೆಂದು ನನಗೆ ಗೊತ್ತಿತ್ತು. ನಮ್ಮ ಮನೆಗೆ ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಕುಂಕುಮದ ಜೊತೆ ಒಂದು ಹೂವು, ಹೂವಿಲ್ಲದಿದ್ದರೆ ಬಾಳೆಹಣ್ಣು, ಅದೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ಈ ದೇಶಕ್ಕೆ ಬಂದ ಮೇಲೆ ಹೆಂಗಸರೆಂಬ ಮಿತಿಯೂ ಉಳಿಯಲಿಲ್ಲ. ಗ್ಯಾಸ್ ಮೀಟರ್ ನೋಡಲು ಬಂದವನು ಹಣ್ಣು ಹಿಡಿದುಕೊಂಡು ಹೋಗಿದ್ದಾನೆ, ಲಿಫ್ಟು ರಿಪೇರಿಯವನು ಚಕ್ಕುಲಿ ಒಯ್ದಿದ್ದಾನೆ. ಸೋಫಾದಿಂದ ಯಾರು ಎದ್ದರೂ ಫ್ರಿಜ್ಜಿಗೆ ಓಡುವ ಕೆಲಸ ಶ್ರಾವ್ಯಳದ್ದು, ನಡೆಯಲು ಕಲಿತಂದಿನಿಂದ. ಸುಜಾತ ಗೋದಾಮಿನಿಂದ ಬಂದು, ವಿಷಯ ಕೇಳಿ, ಕೋಟು ತೆಗೆಯುವ ಮೊದಲೇ ನನ್ನನ್ನು ನೋಡಿದಳು.

"ನಿನ್ನ ಬಾಳೆಹಣ್ಣು, ಅಮ್ಮಾ. ನನ್ನ ಮಗಳ ಕೆಲಸ ತಿಂದದ್ದು ನಿನ್ನ ಬಾಳೆಹಣ್ಣು."

ಅವಳು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಲೆಕ್ಕ ಚೆನ್ನಾಗಿದೆ, ಕೈ ಚುರುಕಾಗಿದೆ ಎಂದು ಇನ್ನೊಂದೇ ಒಂದು ಸಲ ಟೆಸ್ಟಿಗೆ ಬಿಡುವುದಾಗಿ ಕ್ಯಾಸಿನೋದವರು ಹೇಳಿದ್ದರು. ಮಾರನೆಯ ದಿನ ಶ್ರಾವ್ಯ ಏಳಲಿಲ್ಲ. ಹೋಗಿ ನೋಡಿದರೆ ಗೋಡೆಯ ಕಡೆ ಮುಖ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಹೊದಿಕೆ ಎಳೆಯುವುದು ಬರುತ್ತದೆ. ಎಳೆದೆ.

ಹೀಗೆ ಈ ಮನೆಯಲ್ಲಿ ಅತಿಥಿಯನ್ನು ಬರಿಗೈಯಲ್ಲಿ ಕಳಿಸುವ ಪಾಠ ಶುರುವಾಯಿತು. ನಾನು ಸೋಲುವುದು, ಕೈಚೀಲ ತೆಗೆದುಕೊಂಡು ಏಳುವುದು. ಅವಳು ಗುಡ್ ಈವ್ನಿಂಗ್ ಮೇಡಂ ಎಂದು ಸುಮ್ಮನೆ ಕೂರಬೇಕು. ನಾನು ಬಾಗಿಲು ಮುಟ್ಟುವ ಮೊದಲೇ ಅವಳ ಬೆರಳು ನೆಲಗಡಲೆಯ ಮೇಲೆ ಹರಿದಾಡುತ್ತಿತ್ತು. ಬೈದೆ. ಕೈ ಮೇಲೊಂದು ಏಟೂ ಹಾಕಿದೆ. ನಾನು ಎದ್ದೆದ್ದು ಹೋಗಿ ಮಂಡಿ ಊದಿತೇ ಹೊರತು ಅವಳ ಕೈ ನಿಲ್ಲಲಿಲ್ಲ. ಕೊನೆಗೆ ಅವಳಿಗೂ ರೇಗಿತು.

"ನೀನು ಮಾಡಿ ತೋರಿಸು, ಅಮ್ಮಮ್ಮ."

ಅದರಲ್ಲೇನು ದೊಡ್ಡದು ಎಂದು ನಾನು ಆಚೆ ಬದಿ ಕೂತೆ. ಕಲ್ಲೆದೆಯವಳು ಎಂದು ಹೋಟೆಲಿನ ಅಡುಗೆಮನೆಯಲ್ಲೇ ಹೆಸರು ಪಡೆದವಳು ನಾನು. ಎಲೆ ಹಂಚಿದೆ, ಅವಳು ಸೋತಳು, ಇದ್ದದ್ದನ್ನೆಲ್ಲ ಬಾಚಿಕೊಂಡೆ. ಹುಡುಗಿ ಖಾಲಿ ಕೈಚೀಲ ಹೆಗಲಿಗೆ ಹಾಕಿ ಬಾಗಿಲ ಕಡೆ ನಡೆದಳು. ಹಿಂದಿನಿಂದ ನೋಡಿದರೆ ಪಾರ್ಕ್ ರಾಯಲ್‌ಗೆ ಹೋಗುತ್ತಿದ್ದಾಗಿನ ಅದೇ ನಡಿಗೆ, ಅದೇ ಜೋಲು ಭುಜ. ಅವಳು ತಿರುಗಿ ನೋಡುವಾಗ ನನ್ನ ಕೈ ಮುಂದೆ ಚಾಚಿತ್ತು, ಅಂಗೈಯಲ್ಲಿ ಗೇರುಬೀಜ. ಅದೂ ಇಡಿ ಗೇರುಬೀಜ, ಹೋಳಲ್ಲ. ಅವಳು ಬಾಗಿಲಿಗೆ ಒರಗಿ ನಕ್ಕಳು. ಆ ನಗುವನ್ನು ಈ ಮನೆಯಲ್ಲಿ ನಾವು ಕೇಳಿ ಬಹಳ ಕಾಲವಾಗಿತ್ತು. ನನಗೆ ನಗು ಬರಲಿಲ್ಲ. ಮೊಮ್ಮಗಳು ಫೇಲು, ಕಲಿಸುವವಳೂ ಫೇಲು, ಇನ್ನು ದಾರಿಯೇ ಇಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ.

ತಲೆಯ ಮೇಲೆ ಕೈ ಹೊತ್ತಾಗಲೇ ಹೊಳೆದದ್ದು. ಕೆಲಸವಿಲ್ಲದ ಕೈಯೇ ಈ ಅನಾಹುತ ಮಾಡುವುದು. ಹಂಚುವವರು ಮೇಜು ಬಿಟ್ಟು ಏಳುವಾಗ ಏನನ್ನೂ ಕದ್ದಿಲ್ಲ ಎಂದು ಎರಡು ಕೈ ಉಜ್ಜಿ, ಅಂಗೈ ತಿರುಗಿಸಿ ತೋರಿಸುವ ಕ್ರಮವೊಂದಿದೆ. ಗಿರಾಕಿ ಎದ್ದ ಕೂಡಲೇ ನೀನೂ ಅದನ್ನೇ ಮಾಡು, ತೋರಿಸುತ್ತಿರುವ ಕೈ ಕೊಡಲಾರದು ಎಂದೆ. ಮಾಡಿದಳು. ನಾನು ಎದ್ದೆ, ಅವಳು ಉಜ್ಜಿ ತೋರಿಸಿದಳು. ಮತ್ತೆ ಎದ್ದೆ, ಮತ್ತೆ ತೋರಿಸಿದಳು. ಹಗಲೆಲ್ಲ ಇದೇ. ಒಂದು ಸಲ ನಾನು ನಿಜವಾಗಿಯೇ ಬಚ್ಚಲಿಗೆಂದು ಎದ್ದಾಗಲೂ ತೋರಿಸಿದಳು.

ಎರಡನೆಯ ಸಲ ಪಾಸಾದಳು. ಅದೇ ಹೆಂಗಸು ಅದೇ ಮುದುಕಿಯಾಗಿ ಬಂದು, ಸೋತು, ಏಳುವಾಗ ಒಂದು ಗಳಿಗೆ ನಿಂತು ಇವಳ ಕೈಯನ್ನೇ ನೋಡಿದಳಂತೆ. ಇವಳು ಅಂಗೈ ತೋರಿಸಿದಳು. ಮುದುಕಿ ಬರಿಗೈಯಲ್ಲಿ ಹೋದಳು. ಕೆಲಸ ಸಿಕ್ಕಿತು. ಸಮವಸ್ತ್ರದ ಪ್ಯಾಂಟಿಗೆ ಜೇಬು ಇರಕೂಡದು ಎಂದಾಗ ನಾನೇ ಕನ್ನಡಕ ಏರಿಸಿ, ದಪ್ಪ ದಾರದಲ್ಲಿ ಜೇಬಿನ ಬಾಯಿ ಹೊಲಿದೆ.

ಮೊದಲ ದಿನದ ಕೆಲಸಕ್ಕೆ ಸಂಜೆಯ ಬೆಳಕಿನಲ್ಲೇ ಹೊರಟಳು. ಬಾಗಿಲ ತನಕ ಹೋದೆ. ಹೋಗುವಾಗ ನನ್ನ ಕೈಗೆ ಬಾಳೆಹಣ್ಣು ಹೇಗೆ ಬಂತೋ ಕೇಳಬೇಡಿ, ಬಂದಿತ್ತು. ಚಾಚಿದೆ. ಅವಳು ಹಣ್ಣನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಎರಡು ಕೈ ಉಜ್ಜಿ, ಅಂಗೈ ತಿರುಗಿಸಿ ತೋರಿಸಿ, "ಗುಡ್ ಈವ್ನಿಂಗ್, ಮೇಡಂ" ಎಂದು ಲಿಫ್ಟಿನ ಕಡೆ ನಡೆದಳು. ಭುಜ ನೆಟ್ಟಗಿತ್ತು. ನಮ್ಮ ಮನೆಯಿಂದ ಬರಿಗೈಯಲ್ಲಿ ಹೊರಟ ಮೊದಲನೆಯವಳು ಅವಳೇ, ಹೊಲಿದು ಕಲಿಸಿ ಕಳಿಸಿದವಳು ನಾನೇ.

ಒಳಗೆ ಬಂದೆ. ಮೇಜಿನ ಮೇಲೆ ಹಸಿರು ಬೆಡ್‌ಶೀಟು ಹಾಗೇ ಇತ್ತು. ಸುಜಾತ ಬರುವ ತನಕ ಮಾಡಲು ಕೆಲಸವಿರಲಿಲ್ಲ, ಕೆಲಸವಿಲ್ಲದ ಕೈ ಏನು ಮಾಡುತ್ತದೆಂದು ನಿಮಗೆ ಹೇಳಿಯಾಗಿದೆ. ಆಚೆ ಕಡೆಗೂ ನಾನೇ, ಈಚೆ ಕಡೆಗೂ ನಾನೇ ಎಲೆ ಹಾಕಿಕೊಂಡೆ. ಹದಿನಾರು ಬಿತ್ತು. ತಟ್ಟಿದೆ, ದಾಟಿದೆ, ಇದ್ದ ಕಡಲೆಯನ್ನೆಲ್ಲ ನನ್ನಿಂದ ನಾನೇ ಬಾಚಿಕೊಂಡೆ. ಏಳಬೇಕು ಎನ್ನುವಾಗ ಬರಿಗೈಯಲ್ಲಿ ಏಳಲು ಆಗಲಿಲ್ಲ. ಚಾವಣಿ ನೋಡಿದೆ. ಕ್ಯಾಮೆರಾ ಇರಲಿಲ್ಲ, ಹೊಗೆಯ ಅಲಾರಂ ಮಾತ್ರ ಕಣ್ಣು ಮಿಟುಕಿಸುತ್ತಿತ್ತು. ಎಡಗೈಯನ್ನು ಬಲಗೈಗೆ ತಾಗಿಸಿ, ಆ ಬಾಳೆಹಣ್ಣನ್ನು ನನಗೆ ನಾನೇ ಕೊಟ್ಟುಕೊಂಡೆ.